ಸಮುದ್ರವುಂಟು, ಸಮುದ್ರವಿದ್ಯೆಯೆಲ್ಲಿ?

2024ನೆಯ ಇಸವಿಯ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಹಾಯಿದೋಣಿಯ ಪಂದ್ಯಗಳು ಪ್ಯಾರಿಸಿನಲ್ಲಿ ನಡೆಯಲಿಲ್ಲ, ನಡೆಯುವಂತೆಯೂ ಇರಲಿಲ್ಲ. ಅವು ಫ್ರಾನ್ಸಿನ ದಕ್ಷಿಣ ತೀರದಲ್ಲಿರುವ ಮಾರ್ಸೆಯ್ ಪಟ್ಟಣದೆದುರಿನ ಮೆಡಿಟರೇನಿಯನ್ ಸಮುದ್ರದಲ್ಲಿ ಜರುಗಿದವು. ಭೂಮಂಡಲದ ನಾನಾ ರಾಷ್ಟ್ರಗಳಿಂದ ಬಂದ 330 ಮಂದಿ ನಾವಿಕರು, ಗಂಡಸರೂ ಹೆಂಗಸರೂ ಸಮಸಂಖ್ಯೆಯಲ್ಲಿ, ಹತ್ತು ಬಗೆಯ ಸ್ಪರ್ಧೆಗಳಲ್ಲಿ ತಮ್ಮ ತಮ್ಮ ದೇಶದ ಮಾನವನ್ನು ಗಾಳಿಗೂ ಅಲೆಗೂ ಒಡ್ಡಿ ಹೋರಾಡಿದರು. ನಮ್ಮ ದೇಶದಲ್ಲಿ ಈ ಪಂದ್ಯಗಳ ವಾರ್ತೆಗೆ ದೊರೆತ ಮನ್ನಣೆ ಅತ್ಯಲ್ಪ. ಅಲ್ಲಿ ನಮಗೆ ಪದಕ ಬರಲಿಲ್ಲವಾದ ಕಾರಣ ಅದನ್ನು ಕುರಿತು ಮಾತನಾಡುವವರೂ ಇಲ್ಲವಾದರು. ಆದರೆ ಪದಕ ಬಂದ ಆಟಗಳಿಂದ ಕಲಿಯುವದಕ್ಕಿಂತ ಬಾರದೆ ಹೋದ ಆಟಗಳಿಂದ ರಾಷ್ಟ್ರವು ಕಲಿಯಬೇಕಾದದ್ದು ಹೆಚ್ಚೆಂಬದು ನಮ್ಮ ಅಭಿಪ್ರಾಯ. ಆದಕಾರಣ ಈ ವಿಷಯವನ್ನು ಇಂದು ನಮ್ಮ ವಾಚಕರ ಮುಂದಿಡುತ್ತೇವೆ.

ಮೊದಲು ಈ ಪಂದ್ಯದ ಸ್ವರೂಪವನ್ನು ತಿಳಿಯುವದು ಅವಶ್ಯ. ಇದು ಒಂದೇ ಜಾತಿಯ ದೋಣಿಗಳ ಓಟವಲ್ಲ. ಒಬ್ಬನೇ ನಡೆಸುವ ಚಿಕ್ಕ ದೋಣಿಯುಂಟು. ಅದರಲ್ಲಿ ಗಂಡಸರಿಗೆ ಐಎಲ್‌ಸಿಎ 7, ಹೆಂಗಸರಿಗೆ ಕೊಂಚ ಕಿರಿಯ ಹಾಯಿಯ ಐಎಲ್‌ಸಿಎ 6. ಇಬ್ಬರು ಕೂಡಿ ನಡೆಸುವ, ಬಾಣದಂತೆ ಓಡುವ ದೋಣಿಯುಂಟು. ಒಬ್ಬ ಗಂಡಸು ಒಬ್ಬ ಹೆಂಗಸು ಜೊತೆಯಾಗಿ ನಡೆಸಬೇಕಾದ 470 ಎಂಬ ದೋಣಿಯೂ, ನೀರೊಳಗಿನ ರೆಕ್ಕೆಗಳ ಬಲದಿಂದ ಅಲೆಯ ಮೇಲೆದ್ದು ಹಾರುವ ನಾಕ್ರಾ ಎಂಬ ಜೋಡಿದೋಣಿಯೂ ಉಂಟು. ಇನ್ನು ದೋಣಿಯೇ ಇಲ್ಲದೆ ಹಲಗೆಯ ಮೇಲೆ ನಿಂತು ಹಾಯಿಯನ್ನು ಕೈಯಲ್ಲಿ ಹಿಡಿದು ಸಾಗುವದೂ, ಆಕಾಶದಲ್ಲಿ ಹಾರುವ ದೊಡ್ಡ ಗಾಳಿಪಟಕ್ಕೆ ತನ್ನ ದೇಹವನ್ನು ಬಿಗಿದುಕೊಂಡು ನೀರಮೇಲೆ ಧಾವಿಸುವದೂ ಈಗ ಈ ಪಂದ್ಯದ ಅಂಗಗಳೇ ಆಗಿವೆ. ಒಂದಕ್ಕೆ ಭಾರವಾದ ದೇಹ ಬೇಕು, ಒಂದಕ್ಕೆ ಹಗುರವಾದದ್ದು. ಒಂದಕ್ಕೆ ಏಕಾಂಗಿಯ ಎದೆಗಾರಿಕೆ, ಇನ್ನೊಂದಕ್ಕೆ ಜೊತೆಗಾರನ ಉಸಿರಾಟವನ್ನೂ ಅರಿತ ಹೊಂದಿಕೆ. ಹೀಗಿರುವದರಿಂದ ಒಬ್ಬ ವೀರನನ್ನು ಹುಟ್ಟಿಸಿ ಒಂದು ದೇಶವು ಇಲ್ಲಿ ಹಿರಿಯದೆನಿಸಲಾರದು. ಜನತೆಯ ನಾನಾ ವರ್ಗಗಳಲ್ಲಿ, ನಾನಾ ವಯಸ್ಸಿನವರಲ್ಲಿ, ಗಂಡು ಹೆಣ್ಣೆಂಬ ಭೇದವಿಲ್ಲದೆ ಒಂದು ವಿದ್ಯೆಯು ಎಷ್ಟು ಹರಡಿದೆಯೆಂಬದನ್ನು ಅಳೆಯುವ ಕೊಳಗವಿದು.

ಆ ಕೊಳಗದಿಂದ ಅಳೆದಾಗ ಮಾರ್ಸೆಯ್‌ನಲ್ಲಿ ಕಂಡುಬಂದದ್ದೇನು? ಹತ್ತು ಚಿನ್ನದ ಪದಕಗಳಲ್ಲಿ ಎರಡನ್ನು ಆಸ್ಟ್ರಿಯ ದೇಶವು ಗೆದ್ದಿತು. ಆಸ್ಟ್ರಿಯಕ್ಕೆ ಸಮುದ್ರವೇ ಇಲ್ಲ! 1918ರಲ್ಲಿ ಹಳೆಯ ಸಾಮ್ರಾಜ್ಯವು ಒಡೆದುಹೋದಾಗ ಟ್ರಿಯೆಸ್ಟ್ ಬಂದರದೊಡನೆ ಅದರ ಕಡಲತೀರವೆಲ್ಲವೂ ಕೈಬಿಟ್ಟಿತು. ಇಂದು ಆ ದೇಶಕ್ಕಿರುವದು ಬೆಟ್ಟಗಳ ನಡುವಣ ಸರೋವರಗಳು ಮಾತ್ರ. ಆ ಸರೋವರಗಳಲ್ಲಿ ಮಕ್ಕಳಿಗೆ ಹಾಯಿ ಹಿಡಿಯುವದನ್ನು ಕಲಿಸಿ ಅವರು ಸಮುದ್ರದ ಒಡೆಯರನ್ನು ಸಮುದ್ರದಲ್ಲಿಯೇ ಸೋಲಿಸಿದರು. ಇದು ಅದೃಷ್ಟದ ಆಟವೆಂದು ಯಾರಾದರೂ ಭಾವಿಸಿದರೆ, 2000ದ ಸಿಡ್ನಿಯಲ್ಲಿಯೂ ಅದೇ ಆಸ್ಟ್ರಿಯವು ಎರಡು ಚಿನ್ನವನ್ನೂ 2004ರ ಅಥೆನ್ಸಿನಲ್ಲಿ ಒಂದು ಚಿನ್ನವನ್ನೂ ಇದೇ ವಿದ್ಯೆಯಲ್ಲಿ ಪಡೆದಿತ್ತೆಂಬದನ್ನು ನೆನಪಿಗೆ ತರುತ್ತೇವೆ. ಐವತ್ತು ಕಿಲೋಮೀಟರು ತುಂಬದ ಕರಾವಳಿಯುಳ್ಳ ಸ್ಲೊವೇನಿಯವು ಮಾರ್ಸೆಯ್‌ನಲ್ಲಿ ಬೆಳ್ಳಿಯನ್ನು ಗೆದ್ದಿತು. ಸಿಂಗಾಪುರವೆಂಬ ಪುಟ್ಟ ದ್ವೀಪದ ಹದಿನೇಳು ವರುಷದ ಹುಡುಗ ಮ್ಯಾಕ್ಸ್ ಮೇಡರನು ಗಾಳಿಪಟದ ಸ್ಪರ್ಧೆಯಲ್ಲಿ ಕಂಚನ್ನು ಪಡೆದು, ಹಾಯಿವಿದ್ಯೆಯಲ್ಲಿ ತನ್ನ ದೇಶಕ್ಕೆ ಮೊದಲನೆಯ ಒಲಿಂಪಿಕ್ ಪದಕವನ್ನು ತಂದನು. ಸೈಪ್ರಸಿನ ಪಾವ್ಲೋಸ್ ಕೊಂಟಿಡೀಸನು 2012ರಲ್ಲಿ ಲಂಡನ್ ಕ್ರೀಡೆಗಳಲ್ಲಿ ಗೆದ್ದ ಬೆಳ್ಳಿಯು, ಯಾವ ಆಟದಲ್ಲಾಗಲಿ ಆ ದೇಶವು ಕಂಡ ಮೊದಲ ಒಲಿಂಪಿಕ್ ಪದಕವಾಗಿತ್ತು. ಹನ್ನೆರಡು ವರುಷಗಳ ತರುವಾಯ ಮಾರ್ಸೆಯ್‌ನಲ್ಲಿ ಅವನೇ ಮತ್ತೊಮ್ಮೆ ಬೆಳ್ಳಿಯನ್ನು ಪಡೆದನು.

ಇನ್ನು ನಮ್ಮ ಸ್ಥಿತಿಯನ್ನು ನೋಡೋಣ. ಭಾರತದ ಕಡಲತೀರವು 7,516 ಕಿಲೋಮೀಟರೆಂದು ನಾವು ಶಾಲೆಯ ಪುಸ್ತಕಗಳಲ್ಲಿ ಬಹುಕಾಲ ಓದಿದೆವು. ಇತ್ತೀಚೆಗೆ ಸರಕಾರವು ಸೂಕ್ಷ್ಮವಾದ ನಕ್ಷೆಗಳಿಂದ ಮರಳಿ ಅಳೆದು 11,098 ಕಿಲೋಮೀಟರೆಂದು ಗೊತ್ತುಮಾಡಿದೆ. ಹೀಗೆ ಕಾಗದದ ಮೇಲೆ ನಮ್ಮ ಕರಾವಳಿಯು ಮೂರೂವರೆ ಸಾವಿರ ಕಿಲೋಮೀಟರು ಬೆಳೆದರೂ ಅದರಿಂದ ಒಬ್ಬ ನಾವಿಕನೂ ಹೆಚ್ಚಾಗಲಿಲ್ಲ. ಮಾರ್ಸೆಯ್‌ನ ಹತ್ತು ಸ್ಪರ್ಧೆಗಳಲ್ಲಿ ನಾವು ಎರಡಕ್ಕೆ ಮಾತ್ರ ಅರ್ಹರಾದೆವು. ಸೇನೆಯ ವಿಷ್ಣು ಸರವಣನ್ ಅವರು ಐಎಲ್‌ಸಿಎ 7ರಲ್ಲಿ ನಾಲ್ವತ್ತಮೂವರೊಳಗೆ ಹದಿನೆಂಟನೆಯವರಾದರು. ಚೆನ್ನೈಯ ನೇತ್ರಾ ಕುಮನನ್ ಅವರು ಐಎಲ್‌ಸಿಎ 6ರಲ್ಲಿ ನಾಲ್ವತ್ತಮೂವರೊಳಗೆ ಇಪ್ಪತ್ತೊಂದನೆಯವರಾದರು. ಇವರಿಬ್ಬರ ಸಾಧನೆಯನ್ನು ಹೀನವೆಂದು ಬಗೆಯುವವರು ಕೃತಘ್ನರು. ಅದಕ್ಕೆ ಮೂರು ವರುಷಗಳ ಹಿಂದೆ, 2021ರಲ್ಲಿ ನಡೆದ ಟೋಕಿಯೋ ಕ್ರೀಡೆಗಳಲ್ಲಿ ಇವರೇ ಇಪ್ಪತ್ತನೆಯ ಮತ್ತು ಮೂವತ್ತೈದನೆಯ ಸ್ಥಾನಗಳಲ್ಲಿದ್ದರೆಂಬದನ್ನು ನೋಡಿದರೆ ಅವರ ಪರಿಶ್ರಮದ ಬೆಲೆ ತಿಳಿಯುವದು. ಆದರೆ ಟೋಕಿಯೋದಲ್ಲಿ ನಾವು ಮೂರು ವರ್ಗಗಳಲ್ಲಿದ್ದೆವು, ಮಾರ್ಸೆಯ್‌ನಲ್ಲಿ ಎರಡಕ್ಕಿಳಿದೆವು. ವ್ಯಕ್ತಿಗಳು ಮುಂದೆ ಹೋದರು, ರಾಷ್ಟ್ರವು ಹಿಂದೆ ಬಂದಿತು. 1972ರಲ್ಲಿ ಮ್ಯೂನಿಕ್ ಕ್ರೀಡೆಗಳ ಕಾಲಕ್ಕೆ ಕೀಲ್ ಬಂದರದಲ್ಲಿ ಭಾರತದ ನಾವಿಕರು ಮೊದಲ ಸಲ ಒಲಿಂಪಿಕ್ ನೀರಿಗಿಳಿದರು. ಅಂದಿನಿಂದ ಮಾರ್ಸೆಯ್ ವರೆಗೆ ಐವತ್ತೆರಡು ವರುಷಗಳು ಕಳೆದರೂ ಈ ವಿದ್ಯೆಯಲ್ಲಿ ನಮಗೆ ಒಂದು ಪದಕವೂ ದೊರೆಯಲಿಲ್ಲ.

ಇದಕ್ಕೆ ಕಾರಣಗಳುಂಟು. ಪ್ರಾಚೀನ ಕಾಲದಲ್ಲಿ ನಮ್ಮ ವರ್ತಕರು ಹಾಯಿಯ ಹಡಗುಗಳಲ್ಲಿ ಯವದ್ವೀಪ ಸುವರ್ಣದ್ವೀಪಗಳಿಗೆ ಹೋಗಿಬರುತ್ತಿದ್ದರೆಂದು ಸಭೆಗಳಲ್ಲಿ ಹೇಳಿ ಕೈತಟ್ಟಿಸಿಕೊಳ್ಳುವವರಿಗೆ ಕೊರತೆಯಿಲ್ಲ. ಆ ಮಾತು ಸುಳ್ಳಲ್ಲ. ಆದರೆ ಸಮುದ್ರಯಾನವು ಪಾತಕವೆಂದು ವಿಧಿಸಿ ವಿದ್ಯಾವಂತರನ್ನು ದಡದಲ್ಲಿಯೇ ಕೂಡ್ರಿಸಿದವರೂ ನಾವೇ. ದೋಣಿ ನಡೆಸುವವರನ್ನು ಕೀಳೆಂದು ಕಂಡವರೂ ನಾವೇ. ತರುವಾಯ ಪರರ ಆಳಿಕೆಯು ಬಂದು ಉಳಿದದ್ದನ್ನೂ ಕಸಿದುಕೊಂಡಿತು. 1906ರಲ್ಲಿ ತೂತ್ತುಕುಡಿಯಲ್ಲಿ ಸ್ವದೇಶೀ ಹಡಗಿನ ಮಂಡಳಿಯನ್ನು ಕಟ್ಟಿದ ಚಿದಂಬರಂ ಪಿಳ್ಳೆಯವರು ಎರಡೇ ವರುಷಗಳಲ್ಲಿ ಸೆರೆಮನೆಯನ್ನು ಸೇರಬೇಕಾಯಿತು. ಅದೇ ಕಾಲದಲ್ಲಿ ಮುಂಬಯಿಯಂಥ ಬಂದರಗಳಲ್ಲಿ ಹಾಯಿದೋಣಿಯ ಆಟವು ಬಿಳಿಯ ಅಧಿಕಾರಿಗಳ ಸಂಜೆಯ ವಿನೋದವಾಗಿತ್ತು. ಅವರ ಕೂಟಗಳ ಬಾಗಿಲು ನಮ್ಮವರಿಗೆ ಮುಚ್ಚಿತ್ತು. ಹೀಗೆ ಮೀನುಗಾರನ ಹೊಟ್ಟೆಪಾಡಿನ ವಿದ್ಯೆಯು ಒಂದು ಕಡೆಗೂ ದೊರೆಗಳ ಆಟವು ಇನ್ನೊಂದು ಕಡೆಗೂ ಉಳಿದು, ಇವೆರಡೂ ಒಂದೇ ಎಂಬ ತಿಳುವಳಿಕೆಯೇ ನಮ್ಮಲ್ಲಿ ಹುಟ್ಟಲಿಲ್ಲ.

ಆದರೆ ಆ ಆಳಿಕೆ ಹೋಗಿ ಮುಕ್ಕಾಲು ಶತಮಾನವೇ ಕಳೆದಿದೆ. ಇನ್ನೂ ಅವರ ಹೆಸರನ್ನು ಹೇಳಿಕೊಂಡು ನಮ್ಮ ಸೋಮಾರಿತನವನ್ನು ಮುಚ್ಚಿಕೊಳ್ಳುವದು ಮರ್ಯಾದೆಯ ಮಾತಲ್ಲ. ಸ್ವಾತಂತ್ರ್ಯಾನಂತರ ಈ ವಿದ್ಯೆಯನ್ನು ಬದುಕಿಸಿದ ಕೀರ್ತಿಯು ಬಹುಮಟ್ಟಿಗೆ ನಮ್ಮ ಭೂಸೇನೆಗೂ ನೌಕಾಸೇನೆಗೂ ಸಲ್ಲಬೇಕು. ಸೇನೆಯ ಎಂಜಿನಿಯರ್ ದಳದ ಅಧಿಕಾರಿಗಳು 1985ರಿಂದ 1987ರ ವರೆಗೆ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿ ಬಂದರು. ನೌಕಾಸೇನೆಯ ಅಭಿಲಾಷ್ ಟೋಮಿಯವರು 2013ರಲ್ಲಿ ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಮಿಯನ್ನು ಸುತ್ತಿ ಬಂದರು. ನಮ್ಮಲ್ಲಿ ವೀರರಿಲ್ಲವೆಂದಲ್ಲ. ವೀರರ ಹಿಂದೆ ನಿಲ್ಲಬೇಕಾದ ಸಾಲು ಇಲ್ಲ. ಸೇನೆಯ ಹೊರಗೆ, ಶಾಲೆಗಳಲ್ಲಿ, ಪುರಸಭೆಗಳಲ್ಲಿ, ಸಾಮಾನ್ಯ ಜನರಲ್ಲಿ ಈ ವಿದ್ಯೆಯು ಬೇರೂರದಿರುವ ತನಕ ಒಬ್ಬೊಬ್ಬ ವೀರನು ಉದಯಿಸಿ ಅಸ್ತಮಿಸುವನಲ್ಲದೆ ಪರಂಪರೆಯು ಬೆಳೆಯದು.

ಇದಕ್ಕೆ ಕೆಲವರು ಆಕ್ಷೇಪಣೆಯೆತ್ತುವರು: ‘ಇದು ಶ್ರೀಮಂತರ ಆಟ, ಬಡ ದೇಶಕ್ಕೆ ಇದರ ಗೊಡವೆಯೇಕೆ?’ ಎಂದು. ದೊಡ್ಡ ವಿಹಾರನೌಕೆಗಳನ್ನು ಕಂಡು ಈ ಮಾತನ್ನು ಆಡುವದು ಸಹಜ. ಆದರೆ ಒಲಿಂಪಿಕ್ ಪಂದ್ಯದ ಒಂಟಿದೋಣಿಗಳ ಮಾತು ಬೇರೆ. ಆ ವರ್ಗದ ದೋಣಿಗಳೆಲ್ಲವೂ ಒಂದೇ ಅಚ್ಚಿನವು. ಮಾರ್ಸೆಯ್‌ನಲ್ಲಿ ಪಂದ್ಯ ನಡೆಸುವವರೇ ಅವನ್ನು ಸ್ಪರ್ಧಿಗಳಿಗೆ ಒದಗಿಸಿದರು. ಧನಿಕ ದೇಶದವನಿಗೆ ಒಳ್ಳೆಯ ದೋಣಿ, ಬಡ ದೇಶದವನಿಗೆ ಮುರುಕು ದೋಣಿ ಎಂಬ ಭೇದವು ಅಲ್ಲಿಲ್ಲ. ಮೊದಲು ಬಂದವನಿಗೆ ಒಂದು ಅಂಕ, ಎರಡನೆಯವನಿಗೆ ಎರಡು, ಹೀಗೆ ಹಲವು ಓಟಗಳ ಅಂಕಗಳನ್ನು ಕೂಡಿಸಿ, ಅತಿ ಕೆಟ್ಟ ಒಂದು ಓಟವನ್ನು ಬಿಟ್ಟು, ಕಡಿಮೆ ಅಂಕದವನನ್ನು ಮೇಲೆಂದೆಣಿಸುವರು. ಆದ್ದರಿಂದ ಒಂದು ದಿನ ಬೀಸಿದ ಅದೃಷ್ಟದ ಗಾಳಿಯಿಂದ ಯಾರೂ ಗೆಲ್ಲಲಾರರು. ಗಾಳಿಗೆ ನೇರ ಇದಿರಾಗಿ ಯಾವ ಹಾಯಿಯೂ ಓಡದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಿ ಗುರಿಯನ್ನು ಸೇರಬೇಕು. ಯಾವಾಗ ಹೊರಳಬೇಕೆಂಬದನ್ನು ನೀರಿನ ಬಣ್ಣವನ್ನೂ ಮೋಡದ ನಡೆಯನ್ನೂ ಕೆನ್ನೆಗೆ ತಾಗುವ ಗಾಳಿಯನ್ನೂ ನೋಡಿ ಕ್ಷಣಾರ್ಧದಲ್ಲಿ ನಿರ್ಧರಿಸಬೇಕು. ಈ ಜ್ಞಾನವು ಹಣಕ್ಕೆ ದೊರೆಯದು. ಬಾಲ್ಯದಿಂದ ನೀರಿನಲ್ಲಿ ಕಳೆದ ಗಂಟೆಗಳಿಗೆ ಮಾತ್ರ ದೊರೆಯುವದು.

ಮಕ್ಕಳು ಈ ವಿದ್ಯೆಯನ್ನು ಆರಂಭಿಸುವ ‘ಆಪ್ಟಿಮಿಸ್ಟ್’ ಎಂಬ ಪುಟ್ಟ ದೋಣಿಯನ್ನು 1947ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬವನು ರೂಪಿಸಿದನು. ಕಡಿಮೆ ಖರ್ಚಿನಲ್ಲಿ, ಪ್ಲೈವುಡ್ಡಿನ ಎರಡು ಹಾಳೆಗಳಿಂದ, ಮನೆಯ ಅಂಗಳದಲ್ಲಿಯೇ ಕಟ್ಟಿಕೊಳ್ಳುವಂತಿರಬೇಕೆಂಬದೇ ಅವನ ಉದ್ದೇಶವಾಗಿತ್ತು. ಅದು ನಮಗೆ ಸ್ವಾತಂತ್ರ್ಯ ಬಂದ ವರುಷ. ಆ ದೋಣಿಯು ಅಂದಿನಿಂದ ಪ್ರಪಂಚವನ್ನೆಲ್ಲ ತುಂಬಿತು. ನಮ್ಮ ಕರಾವಳಿಯ ಬಡಗಿಗಳು ಪೀಳಿಗೆಗಳಿಂದ ಮಂಜಿಗಳನ್ನೂ ಪತ್ತೇಮಾರಿಗಳನ್ನೂ ನಕ್ಷೆಯ ಹಂಗಿಲ್ಲದೆ ಕಟ್ಟಿದವರು. ಇಂಥವರ ಕೈಗೆ ಏಳೆಂಟು ಅಡಿಯ ಆಟದ ದೋಣಿಯನ್ನು ಕಟ್ಟುವದು ಮೀರಿದ ಕೆಲಸವೆಂದು ಯಾರು ನಂಬುವರು?

ಈ ಆಕ್ಷೇಪಣೆಗೆ ಅತ್ಯುತ್ತಮವಾದ ಉತ್ತರವನ್ನು ನಮ್ಮ ದೇಶದ ಒಬ್ಬ ಬಾಲಿಕೆಯೇ ಕೊಟ್ಟಿದ್ದಾಳೆ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳಾದ ನೇಹಾ ಠಾಕೂರಳು ಭೋಪಾಲದ ದೊಡ್ಡ ಕೆರೆಯಲ್ಲಿ ಹಾಯಿವಿದ್ಯೆಯನ್ನು ಕಲಿತು, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಐಎಲ್‌ಸಿಎ 4ರ ಹುಡುಗಿಯರ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕವನ್ನು ಗೆದ್ದಳು. ಅದೇ ಕ್ರೀಡೆಗಳಲ್ಲಿ ವಿಷ್ಣು ಸರವಣನ್ ಅವರೂ ಇಬಾದ್ ಅಲಿಯವರೂ ಕಂಚನ್ನು ತಂದರು. ಮಧ್ಯಪ್ರದೇಶಕ್ಕೆ ಕಡಲಿಲ್ಲ, ಆಸ್ಟ್ರಿಯಕ್ಕೂ ಇಲ್ಲ. ಇಬ್ಬರಿಗೂ ಕೆರೆಯಿದೆ, ಕಲಿಸುವವರಿದ್ದಾರೆ, ಕಲಿಯುವ ಛಲವಿದೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿಯೂ ಬಡ ಮನೆತನದ ಮಕ್ಕಳನ್ನು ಸರಕಾರೀ ಶಾಲೆಗಳಿಂದ ಕರೆತಂದು ಕಲಿಸುವ ಪ್ರಯತ್ನವು ಫಲಿಸಿದೆ. ಶ್ರೀಮಂತರ ಆಟವೆಂಬ ಮಾತು ಇಲ್ಲಿಗೆ ಮುಗಿಯಬೇಕು.

ಈಗ ನಮ್ಮ ಕರ್ನಾಟಕದ ಕಡೆಗೆ ತಿರುಗೋಣ. ಕಾರವಾರದಿಂದ ಮಂಗಳೂರಿನ ಆಚೆಯ ವರೆಗೆ ಮುನ್ನೂರು ಕಿಲೋಮೀಟರಿಗೆ ಮಿಕ್ಕಿದ ತೀರ; ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳ ಅಳಿವೆಗಳು; ಮೊಗವೀರ, ಖಾರ್ವಿ, ಅಂಬಿಗ ಮೊದಲಾದ, ಹುಟ್ಟಿನಿಂದಲೇ ಅಲೆಯನ್ನರಿತ ಜನ; ಒಳನಾಡಿನಲ್ಲಿ ಲೆಕ್ಕವಿಲ್ಲದ ಕೆರೆಗಳು ಜಲಾಶಯಗಳು. ಭೋಪಾಲದವರಿಗೆ ದೇವರು ಕೊಟ್ಟದ್ದಕ್ಕಿಂತ ನಮಗೆ ಹತ್ತುಪಟ್ಟು ಹೆಚ್ಚಾಗಿ ಕೊಟ್ಟಿದ್ದಾನೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ದಳದವರು, ಆ ‘ತೃಷ್ಣಾ’ ದೋಣಿಯ ಹೆಸರಿನಲ್ಲಿಯೇ, ಹಾಯಿವಿದ್ಯೆಯನ್ನು ಉಳಿಸಿಕೊಂಡು ಬಂದಿದ್ದಾರೆ. ಟೋಕಿಯೋದಲ್ಲಿ ಇಬ್ಬರು ಕೂಡಿ ನಡೆಸುವ ವರ್ಗದಲ್ಲಿ ವರುಣ್ ಠಕ್ಕರರೊಡನೆ ಸ್ಪರ್ಧಿಸಿ, ಅದಕ್ಕೆ ಮೊದಲು 2018ರ ಏಷ್ಯನ್ ಕ್ರೀಡೆಗಳಲ್ಲಿ ಕಂಚನ್ನು ಗೆದ್ದ ಕೆ. ಸಿ. ಗಣಪತಿಯವರು ಕೊಡವ ಮನೆತನದವರು; ಆದರೆ ಅವರು ಹಾಯಿ ಹಿಡಿದು ಬೆಳೆದದ್ದು ಚೆನ್ನೈಯ ನೀರಿನಲ್ಲಿ. ಸಸಿಹಿತ್ಲು ಪಣಂಬೂರುಗಳ ತೀರದಲ್ಲಿ ಅಲೆಯ ಮೇಲೆ ಹಲಗೆ ಸವಾರಿ ಮಾಡುವ ತರುಣರನ್ನು ನೋಡಿದವರಿಗೆ ನಮ್ಮ ಹುಡುಗರಲ್ಲಿ ಧೈರ್ಯಕ್ಕೆ ಕೊರತೆಯಿಲ್ಲವೆಂಬದು ತಿಳಿದೇ ಇದೆ. ಪ್ರಾಚೀನ ಕ್ರಮದಲ್ಲಿ ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ನೌಕೆಯನ್ನು 2025ನೆಯ ಮೇ ತಿಂಗಳಲ್ಲಿ ನೌಕಾಸೇನೆಗೆ ಸೇರಿಸಿಕೊಂಡದ್ದು ನಮ್ಮ ಕಾರವಾರದಲ್ಲಿಯೇ. ಪೂರ್ವಜರ ನೌಕೆಯನ್ನು ಮರಳಿ ಕಟ್ಟಿದ್ದು ಸಂತೋಷವೇ ಸರಿ. ಆದರೆ ಅದನ್ನು ನೋಡಿ ಹೆಮ್ಮೆಪಟ್ಟ ಕಾರವಾರದ ಶಾಲೆಯ ಬಾಲಕನಿಗೆ ಹಾಯಿಯ ಹಗ್ಗವನ್ನು ಕೈಯಲ್ಲಿ ಹಿಡಿಯುವ ಅವಕಾಶವನ್ನು ಕಲ್ಪಿಸಿದ್ದೇವೆಯೇ?

ಸ್ತ್ರೀಯರ ಮಾತನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಮಾರ್ಸೆಯ್‌ನ ಹತ್ತು ಸ್ಪರ್ಧೆಗಳಲ್ಲಿ ನಾಲ್ಕು ಗಂಡಸರವು, ನಾಲ್ಕು ಹೆಂಗಸರವು, ಎರಡು ಜೊತೆಯವು. ಹೆಣ್ಣುಮಕ್ಕಳನ್ನು ದಡದಲ್ಲಿ ನಿಲ್ಲಿಸುವ ರಾಷ್ಟ್ರವು ಆರು ಸ್ಪರ್ಧೆಗಳನ್ನು ನೀರಿಗಿಳಿಯುವ ಮೊದಲೇ ಸೋತಂತೆ. ನಮ್ಮ ನೌಕಾಸೇನೆಯ ಆರು ಮಂದಿ ಮಹಿಳೆಯರು, ವರ್ತಿಕಾ ಜೋಶಿಯವರ ಮುಂದಾಳುತನದಲ್ಲಿ, 2017–18ರಲ್ಲಿ ‘ತಾರಿಣಿ’ಯಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿದ ಮೇಲೆ ಸಮುದ್ರವು ಹೆಂಗಸರಿಗೆ ತಕ್ಕುದಲ್ಲವೆಂಬ ಮಾತಿಗೆ ಇನ್ನು ಜಾಗವಿಲ್ಲ.

ಗೆಲುವೊಂದೇ ಈ ಪಂದ್ಯದ ಸಾರವೆಂದು ನಮ್ಮ ತರುಣರು ತಿಳಿಯಬಾರದು. ಅಪಾಯದಲ್ಲಿರುವವರಿಗೆ ನೆರವಾಗಬೇಕೆಂಬದು ಹಾಯಿದೋಣಿ ಪಂದ್ಯದ ನಿಯಮಗಳಲ್ಲಿ ಮೊಟ್ಟಮೊದಲನೆಯದು. ತಪ್ಪು ಮಾಡಿದವನು ನ್ಯಾಯಾಧಿಪತಿಯ ಸೀಟಿಗಾಗಿ ಕಾಯದೆ, ತಾನಾಗಿಯೇ ದೋಣಿಯನ್ನು ಸುತ್ತುಹೊಡೆಸಿ ದಂಡ ತೆರಬೇಕು. 1988ರ ಸಿಯೋಲ್ ಕ್ರೀಡೆಗಳ ಹಾಯಿ ಪಂದ್ಯವು ಪುಸಾನ್ ಬಂದರದಲ್ಲಿ ನಡೆದಾಗ ಕೆನಡದ ಲಾರೆನ್ಸ್ ಲೆಮಿಯು ಎಂಬವನು ಒಂದು ಓಟದಲ್ಲಿ ಎರಡನೆಯ ಸ್ಥಾನದಲ್ಲಿದ್ದನು. ಬಿರುಗಾಳಿಗೆ ಬೇರೊಂದು ವರ್ಗದ ದೋಣಿ ಮಗುಚಿ ಸಿಂಗಾಪುರದ ಇಬ್ಬರು ನೀರುಪಾಲಾಗುತ್ತಿದ್ದುದನ್ನು ಕಂಡು, ಅವನು ತನ್ನ ಓಟವನ್ನು ಬಿಟ್ಟು ಅತ್ತ ತಿರುಗಿ ಅವರನ್ನು ರಕ್ಷಿಸಿದನು. ಪಂಚರು ಆ ಓಟದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು. ಅವನಿಗೆ ಕೊನೆಗೆ ಸ್ಪರ್ಧೆಯ ಪದಕ ಬರಲಿಲ್ಲ. ಆದರೆ ಕ್ರೀಡಾಧರ್ಮಕ್ಕಾಗಿ ಕೊಡುವ ಕೂಬರ್ತೆ ಪದಕವು ದೊರೆಯಿತು. ಆ ದಿನ ಚಿನ್ನ ಗೆದ್ದವರ ಹೆಸರಿಗಿಂತ ಅವನ ಹೆಸರೇ ಇಂದು ಲೋಕದ ನೆನಪಿನಲ್ಲಿದೆ. ದೇಶಾಭಿಮಾನವು ಮನುಷ್ಯತ್ವವನ್ನು ನುಂಗಬಾರದೆಂಬ ಪಾಠವನ್ನು ಇಷ್ಟು ಚೆನ್ನಾಗಿ ಕಲಿಸುವ ಶಾಲೆಯು ಬೇರೊಂದಿಲ್ಲ.

ಆದ್ದರಿಂದ ನಾವು ಸರಕಾರವನ್ನೂ ಜನರನ್ನೂ ಕೇಳಿಕೊಳ್ಳುವದಿಷ್ಟೆ. ಕರಾವಳಿಯ ಪ್ರತಿಯೊಂದು ಜಿಲ್ಲೆಯಲ್ಲಿ ಒಂದು ಅಳಿವೆಯನ್ನೂ, ಒಳನಾಡಿನಲ್ಲಿ ನೀರು ನಿಲ್ಲುವ ನಾಲ್ಕಾರು ಕೆರೆ ಜಲಾಶಯಗಳನ್ನೂ ಆಯ್ದು, ಅಲ್ಲಿ ಮಕ್ಕಳಿಗಾಗಿ ಹಾಯಿಶಾಲೆಗಳನ್ನು ತೆರೆಯಬೇಕು. ಮೀನುಗಾರರ ಮಕ್ಕಳಿಗೆ ಅಲ್ಲಿ ಮೊದಲ ಮಣೆ ಸಲ್ಲಬೇಕು; ಅವರ ಶುಲ್ಕ, ಊಟ, ಜೀವರಕ್ಷಕ ಅಂಗಿಗಳ ಖರ್ಚನ್ನು ಸರಕಾರವೇ ಹೊರಬೇಕು. ಸೇನೆಯಿಂದ ನಿವೃತ್ತರಾದ ನಾವಿಕರನ್ನು ಗುರುಗಳನ್ನಾಗಿ ನೇಮಿಸಬೇಕು. ದೋಣಿಗಳನ್ನು ನಮ್ಮ ಬಡಗಿಗಳಿಂದಲೇ ಕಟ್ಟಿಸಬೇಕು. ಕೆರೆಗಳನ್ನು ಕೊಳಚೆಯ ಗುಂಡಿಗಳನ್ನಾಗಿ ಮಾಡಿರುವ ಪುರಸಭೆಗಳು, ಹಾಯಿಯಾಡಬೇಕಾದರೆ ಮೊದಲು ನೀರು ಶುದ್ಧವಾಗಬೇಕೆಂಬದನ್ನು ಮನಗಾಣಲಿ. ಅದರಿಂದ ಊರಿಗೂ ಲಾಭ. ಧನಿಕ ಮಹಾಶಯರು ತಮ್ಮ ಹೆಸರಿನಲ್ಲಿ ಕಲ್ಲಿನ ಕಮಾನುಗಳನ್ನು ಕಟ್ಟಿಸುವದರ ಬದಲು ಒಂದೊಂದು ಶಾಲೆಗೆ ಹತ್ತು ದೋಣಿಗಳನ್ನು ಕೊಡಿಸಲಿ. ತಾಯಿತಂದೆಗಳು ನೀರೆಂದರೆ ಹೆದರಿ ಮಕ್ಕಳನ್ನು ಮನೆಯಲ್ಲಿ ಕಟ್ಟಿಹಾಕದೆ, ಮೊದಲು ಈಜನ್ನು ಕಲಿಸಲಿ.

2028ರಲ್ಲಿ ಲಾಸ್ ಏಂಜಲಿಸಿನಲ್ಲಿ ಒಲಿಂಪಿಕ್ ಕ್ರೀಡೆಗಳು ಸೇರಲಿವೆ. ಅಷ್ಟರೊಳಗೆ ನಮ್ಮ ಹಾಯಿಶಾಲೆಗಳಿಂದ ಪದಕವನ್ನು ನಿರೀಕ್ಷಿಸುವದು ಬಿತ್ತಿದ ಮರುದಿನ ತೆನೆಯನ್ನು ಹುಡುಕಿದಂತೆ. ಇಂದು ಎಂಟು ವರುಷದ ಮಗುವಿಗೆ ಹಗ್ಗವನ್ನು ಕೊಟ್ಟರೆ ಇನ್ನು ಹತ್ತು ಹನ್ನೆರಡು ವರುಷಗಳಿಗೆ ಅದರ ಫಲ. ಅಷ್ಟು ತಾಳ್ಮೆಯುಳ್ಳ ಮಂತ್ರಿಗಳು ವಿರಳ. ಏಕೆಂದರೆ ಆ ಫಲವನ್ನು ಉದ್ಘಾಟಿಸುವ ಕಾಲಕ್ಕೆ ಅವರ ಅಧಿಕಾರವು ಉಳಿದಿರುವದಿಲ್ಲ. ಆದುದರಿಂದಲೇ ಈ ಕೆಲಸವನ್ನು ಸರಕಾರದ ತಲೆಯ ಮೇಲೆ ಹೊರಿಸಿ ಜನರು ಸುಮ್ಮನಿರಲಾಗದು. ಊರಿನ ಹಿರಿಯರು, ಉಪಾಧ್ಯಾಯರು, ಅಧಿಕಾರಿಗಳು ಮುಂದೆ ಬಂದು ತಮ್ಮೂರಿನ ಕೆರೆಯಿಂದಲೇ ಆರಂಭಿಸಬೇಕು. ದಡದಲ್ಲಿ ಕುಳಿತು ಗಾಳಿಯನ್ನು ಬೈಯುವವನಿಗೆ ಆಚೆಯ ತೀರವು ದೊರೆಯದು. ಕಡಲೇ ಇಲ್ಲದ ದೇಶವು ಕಡಲನ್ನು ಗೆದ್ದುದನ್ನು ಕಣ್ಣಾರೆ ಕಂಡಮೇಲೂ ಕಡಲಿದ್ದ ನಾವು ಎಚ್ಚರಗೊಳ್ಳದಿದ್ದರೆ, ಕಡಲಿನದೇನೂ ತಪ್ಪಿಲ್ಲ.